ದೊಡ್ಡಮ್ಮನ ಟೇಪು ಕಪಾಟು

ಬೆಳಗ್ಗೆ ಹತ್ತಕ್ಕೆ ‘ಎಕ್ಸ್‌ಪರ್ಟ್’ ಬರೆದು ಮುಗಿಸಿದ ಒಂದು ಪುಟದ ವರದಿಯೇ ಎಲ್ಲ ರಾದ್ಧಾಂತಕ್ಕೂ ಮೂಲ. ಸೇತುವೆಗಳ ನಕ್ಷೆ ತಯಾರಿಸುವ ಆ ಕಚೇರಿಯಲ್ಲಿ, ಪ್ರಿಂಟರಿಗೆ ಸಿಕ್ಕಿಕೊಂಡ ಹಾಳೆಯನ್ನು ಒಮ್ಮೆ ಬಿಡಿಸಿದ್ದಕ್ಕೆ ಅವನಿಗೆ ಆ ಬಿರುದು ಅಂಟಿಕೊಂಡಿತ್ತು. ಇಪ್ಪತ್ತು ವರ್ಷದ ನಕ್ಷೆಗಳ ನಕಲನ್ನು ಇನ್ನು ಮುಂದೆ ಯಾವುದರಲ್ಲಿ ಕಾಪಾಡಬೇಕೆಂದು ಸಂಜೆಯೊಳಗೆ ತಿಳಿಸಲು ಮ್ಯಾನೇಜರ್ ಹೇಳಿದ್ದರು. ಅವನು ಹೊಸ ಡಿಸ್ಕ್ ಪೆಟ್ಟಿಗೆಯನ್ನು ಬಾಯ್ತುಂಬ ಹೊಗಳಿ, ಕೊನೆಗೆ ಕೈ ತಡೆಯದೆ ಬರೆದ: ‘ಟೇಪುಗಳೂ ಅವನ್ನು ಕಾಯುವ ದೊಡ್ಡಮ್ಮನೂ ಹಳೇ ಸಾಮಾನು. ಎರಡನ್ನೂ ಸಾಗಹಾಕುವುದು ಒಳ್ಳೆಯದು.’ ಸಂಜೆ ಕೊಟ್ಟರಾಯಿತೆಂದು ವರದಿಯನ್ನು ಕಂಪ್ಯೂಟರಿನಲ್ಲೇ ಬಿಟ್ಟ.

ದೊಡ್ಡಮ್ಮ ದಾಖಲೆ ಕೋಣೆಯ ಹಿರಿಯಾಕೆ. ದಿನಾ ಬೆಳಗ್ಗೆ ಹನ್ನೊಂದಕ್ಕೆ ಎಲ್ಲ ಕಂಪ್ಯೂಟರುಗಳಲ್ಲಿದ್ದುದನ್ನೂ ಕ್ಯಾಸೆಟ್ಟಿನಂಥ ಟೇಪಿಗೆ ಇಳಿಸಿ, ಕಪಾಟಿಗೆ ಬೀಗ ಜಡಿದು, ಒಂದು ಪ್ರತಿಯನ್ನು ಮನೆಗೂ ಒಯ್ಯುವವರು.

ಮಧ್ಯಾಹ್ನ ಪರೀಕ್ಷೆಗೆಂದು ಹೊಸ ಪೆಟ್ಟಿಗೆ ಬಂತು.

“ನಕಲು ಮಾಡ್ತಾ ಕೂತ್ರೆ ಸಂಜೆ ಆಗುತ್ತೆ ಮಾರಾಯ, ಎಲ್ಲಾನೂ ಎತ್ತಿ ಅದಕ್ಕೇ ಹಾಕ್ಬಿಡು,” ಎಂದರು ನಕ್ಷೆಗಾರರು. ಹಾಕಿದ. ಹಳೆಯ ಜಾಗವೆಲ್ಲ ಖಾಲಿಯಾಯಿತು.

“ಅಯ್ಯೋ, ಪೆಟ್ಟಿಗೆ ಕಾದ ಹೆಂಚಿನಂಗಾಗಿದೆ! ಕಿಟಕಿ ಹತ್ರ ಇಡಿ,” ಎಂದರು ಟೈಪಿಸ್ಟ್ ಅಕ್ಕ. ತೆರೆದ ಕಿಟಕಿಯ ಕಟ್ಟೆಯ ಮೇಲಿಟ್ಟ.

“ಬಿಸಿಲು ಬೀಳ್ತಿದೆ, ಪರದೆ ಎಳೀತೀನಿ ಇರಿ,” ಎಂದು ಎಂಜಿನಿಯರ್ ಎಳೆದದ್ದೇ ತಡ, ಪರದೆ ತಗುಲಿ ಪೆಟ್ಟಿಗೆ ಎರಡನೇ ಮಹಡಿಯಿಂದ ಕೆಳಗಿನ ನೀರಿನ ತೊಟ್ಟಿಗೆ ಧುಮುಕಿತು. ಸಲಹೆ ಕೊಟ್ಟ ಮೂವರೂ ತಮ್ಮ ತಮ್ಮ ಕುರ್ಚಿಯಲ್ಲಿ ಗಂಭೀರವಾಗಿ ಕೂತರು.

ಎಕ್ಸ್‌ಪರ್ಟ್ ಕಿಟಕಿಯಿಂದ ಬಗ್ಗಿ ನೋಡಿದ. ಇಪ್ಪತ್ತು ವರ್ಷದ ಸೇತುವೆಗಳು ಮುಳುಗಿದ್ದವು, ಅವುಗಳ ಹಿಂದೆಯೇ ಅವನ ಕೆಲಸ. ದಾಖಲೆ ಕೋಣೆಗೆ ಓಡಿ, ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದ.

ದೊಡ್ಡಮ್ಮ ಕಪಾಟಿನ ಬೀಗ ತೆಗೆದು ಬೆಳಗಿನ ಟೇಪು ಹಾಕಿದರು. ನಾಲ್ಕು ಗಂಟೆಗೆ ನಕ್ಷೆಗಳೆಲ್ಲ ತಂತಮ್ಮ ಜಾಗದಲ್ಲಿದ್ದವು.

ಅವನಿಗೆ ಅಳುವೇ ಬಂತು. ಇಷ್ಟು ಕೃತಜ್ಞತೆ ಅವನಿಗೆ ಯಾರ ಬಗೆಗೂ ಹುಟ್ಟಿರಲಿಲ್ಲ. “ನನ್ನನ್ನ ಉಳಿಸಿದ್ರಿ ದೊಡ್ಡಮ್ಮ. ಜೀವ ಇರೋವರೆಗೂ ಮರೆಯಲ್ಲ. ಎಲ್ಲಾನೂ ಬಂತಾ?”

“ಒಂದಕ್ಷರ ಬಿಟ್ಟಿಲ್ಲ ಕಣಪ್ಪಾ. ನೀನು ಹತ್ತು ಗಂಟೆಗೆ ಬರೆದ ವರದೀನೂ ಬಂತು. ಓದಿದೆ.”

ಅವನು ಎರಡೂ ಕೈ ಮುಗಿದ. “ತಪ್ಪಾಯ್ತು... ಅದೊಂದನ್ನ ಅಳಿಸಿಬಿಡಿ.”

“ಹೆದರ್ಬೇಡ, ಮ್ಯಾನೇಜರಿಗೆ ತೋರಿಸಲ್ಲ. ನಾಳೆಯಿಂದ ಹನ್ನೊಂದಕ್ಕೆ ಬಾ, ಟೇಪಿನ ಪೆಟ್ಟಿಗೆ ಹೊರೋಕೆ ನನಗೂ ಒಬ್ರು ಬೇಕಿತ್ತು.” ದೊಡ್ಡಮ್ಮ ಅವನ ಬೆನ್ನು ತಟ್ಟಿದರು. “ಅಳಿಸೋದು ಮಾತ್ರ ಆಗಲ್ಲ ಮಗಾ. ಮೂರು ಟೇಪಿನಲ್ಲಿ ಹಾಕಿಟ್ಟಿದ್ದೀನಿ. ಒಂದು ನಮ್ಮನೇಲಿರುತ್ತೆ.”