ಅತ್ತೆಯವರ ಬೆಕ್ಕು, ಅಳಿಯಂದಿರ ಬೆಕ್ಕು

ಅಳಿಯನೆಂದರೆ ನೂರು ವರ್ಷದ ಅತಿಥಿ ಎಂದು ಕೊರಿಯಾದ ಹಿರಿಯರು ಹೇಳಿಟ್ಟಿದ್ದಾರೆ. ಈ ಅತಿಥಿ ಅತ್ತೆಯ ಮನೆಗೆ ಹೋದರೆ, ಮೊಟ್ಟೆಯಿಡುವ ಕೋಳಿಯಾದರೂ ಸರಿ, ಅಂದಿಗೆ ಅದರ ಕಥೆ ಮುಗಿಯಿತು. ಆದರೆ ಅತ್ತೆಯೇ ಅಳಿಯನ ಮನೆಗೆ ಬಂದು ಉಳಿದರೆ ಯಾರು ಅತಿಥಿ, ಯಾರು ಮನೆಯವರು ಎಂಬುದನ್ನು ಮಾತ್ರ ಆ ಪುಣ್ಯಾತ್ಮರು ಹೇಳದೆಯೇ ಹೋಗಿಬಿಟ್ಟರು. ಅದರ ಫಲವನ್ನು ಉಣ್ಣುತ್ತಿದ್ದವನು ಡೇಜಾನ್ ನಗರದ ಡ್ರೈವಿಂಗ್ ಶಾಲೆಯ ಮೇಷ್ಟ್ರು ಇನ್‌ಸಿಕ್.

ಅವನ ಅತ್ತೆ ಬೊಂಗ್‌ಸುನ್, ಟಾಂಗ್‌ಯಂಗ್ ಬಂದರಿನ ಮಾರುಕಟ್ಟೆಯಲ್ಲಿ ಒಣಮೀನು ಮಾರುತ್ತಾ ಚೌಕಾಸಿ ಗಿರಾಕಿಗಳ ಬೆವರಿಳಿಸಿದ ಹೆಂಗಸು. ಮಂಡಿ ಕೈಕೊಟ್ಟು, ಚಿಕಿತ್ಸೆಗೆಂದು ಮಗಳ ಫ್ಲಾಟಿಗೆ ಬಂದ ಮೇಲೆ ಅಳಿಯನೆದುರು ಆ ಬಾಯಿಗೆ ಹೊಲಿಗೆ ಹಾಕಿದಂತಾಯಿತು.

"ಅಳಿಯಂದಿರದು ಊಟ ಆಯ್ತೇ?"

"ಆಯ್ತು ಅತ್ತೆಯವರೇ. ತಮ್ಮದು?"

ಇಲ್ಲಿಗೆ ದಿನದ ಸಂಭಾಷಣೆ ಸಮಾಪ್ತಿ. ಅವನು ಹಾಲಿಗೆ ಬಂದರೆ ಆಕೆ ಎದ್ದು ಕೋಣೆಗೆ. ಆಕೆ ಹಾಲಿಗೆ ಬಂದರೆ ಅವನು ಕಸದ ಚೀಲ ಹಿಡಿದು ಕೆಳಗೆ. (ಆ ತಿಂಗಳು ಅಷ್ಟು ಚೊಕ್ಕಟವಾದ ಮನೆ ಇಡೀ ಊರಿನಲ್ಲಿರಲಿಲ್ಲ.) ಇಬ್ಬರ ನಡುವೆ ದ್ವೇಷವೇನೂ ಇರಲಿಲ್ಲ, ಇದ್ದದ್ದು ಮರ್ಯಾದೆ. ದ್ವೇಷವಾದರೂ ಎರಡು ಮಾತು ಆಡಿಸುತ್ತಿತ್ತು.

ಕೊನೆಗೆ ಅತ್ತೆ ಗಂಟು ಕಟ್ಟಿದಳು. "ನಿನ್ನ ಗಂಡ ಸ್ವಂತ ಮನೇಲಿ ಕಾಲು ಚಾಚಿ ಕೂರೋ ಹಾಗಿಲ್ಲ ಕಣೇ. ಭಾನುವಾರ ನಾನು ಹೊರಟೆ." ಎಲ್ಲಿಗೆ? ಟಾಂಗ್‌ಯಂಗ್‌ನಲ್ಲಿ ಲಿಫ್ಟಿಲ್ಲದ ಕಟ್ಟಡದ ನಾಲ್ಕನೇ ಮಹಡಿಯ ತನ್ನ ಮನೆಗೆ, ಆ ಮಂಡಿ ಹೊತ್ತುಕೊಂಡು! ಹೆಂಡತಿ ಓಕ್‌ಜು ಅತ್ತಳು. ಇನ್‌ಸಿಕ್‌ಗೂ ಆಕೆ ಹೋಗುವುದು ಬೇಕಿರಲಿಲ್ಲ. ಆದರೆ 'ಇರಿ' ಎಂಬುದನ್ನು ಎಷ್ಟು ಮರ್ಯಾದೆ ಬೆರೆಸಿ ಹೇಳಬೇಕೆಂದು ಅವನು ಲೆಕ್ಕ ಹಾಕುವಷ್ಟರಲ್ಲಿ ಶನಿವಾರ ಬಂದೇಬಿಟ್ಟಿತು.

ಅಂದು ಕೊರೆಯುವ ಚಳಿ. ಅತ್ತೆಯನ್ನು ಆಸ್ಪತ್ರೆಗೆ ಕರೆದೊಯ್ಯಲು ಇನ್‌ಸಿಕ್ ಕಾರು ಹತ್ತಿದ. ಬೆಲ್ಟು, ಕನ್ನಡಿ, ಗೇರು, ಎಲ್ಲವನ್ನೂ ಶಾಸ್ತ್ರೋಕ್ತವಾಗಿ ನೋಡಿ ಕೀಲಿಗೆ ಕೈಹಾಕಿದ್ದೇ ತಡ, ಅತ್ತೆ ಊರುಗೋಲಿನಿಂದ ಬಾನೆಟ್ಟಿಗೆ ಧಡಾರನೆ ಕುಟ್ಟಿದಳು. ಒಳಗಿಂದ ಕ್ಷೀಣವಾಗಿ 'ಮಿಯಾಂವ್'! ಬೆಚ್ಚಗಿನ ಎಂಜಿನ್ನಿನಲ್ಲಿ ಬೆಕ್ಕುಗಳು ಮಲಗಿರುತ್ತವೆ, ಚಳಿಗಾಲದಲ್ಲಿ ಬಾನೆಟ್ ಕುಟ್ಟದೆ ಗಾಡಿ ಶುರು ಮಾಡಬಾರದೆಂದು ದಿನವೂ ಶಿಷ್ಯರಿಗೆ ಬೋಧಿಸುವ ಮಹಾನುಭಾವ ಅವನೇ. ಎಂಜಿನ್ ಸಂದಿಯಿಂದ ಗ್ರೀಸು ಮೆತ್ತಿದ ಮೂಳೆಚಕ್ಕಳದ ಬೆಕ್ಕೊಂದು ಅತ್ತೆಯ ಶಾಲಿನೊಳಗೆ ಬಂತು. ಒಣಮೀನಿನಷ್ಟೇ ತೆಳ್ಳಗಿದ್ದ ಅದಕ್ಕೆ ಆಕೆ ಸಣ್ಣ ಮೀನಿನ ಹೆಸರನ್ನೇ ಇಟ್ಟಳು: ಮ್ಯೊಲ್ಚಿ. ಬೇಡವೆನ್ನಲು ಇನ್‌ಸಿಕ್‌ಗೆ ಯಾವ ಬಾಯಿ?

ಬೇಡವೆಂದದ್ದು ನುರುಂಜಿ. ತಳ ಹಿಡಿದ ಅನ್ನದ ಬಣ್ಣದ, ಮನೆಯ ಈ ಹಳೆಯ ಬೆಕ್ಕಿಗೆ ಇನ್‌ಸಿಕ್‌ನ ತೊಡೆಯೇ ಸಿಂಹಾಸನ. ಹೊಸಬಳನ್ನು ಕಂಡದ್ದೇ ಅದು ಬೆನ್ನು ಬಿಲ್ಲಾಗಿಸಿ ಬುಸುಗುಟ್ಟಿ, ಓಕ್‌ಜುವಿನ ಹೂಕುಂಡವನ್ನು ರಣರಂಗಕ್ಕೆ ಬಲಿ ಕೊಟ್ಟಿತು.

ಓಕ್‌ಜು ಪಶುವೈದ್ಯರನ್ನು ಕೇಳಿ ಬಂದು ಕಟ್ಟಳೆ ಹೊರಡಿಸಿದಳು. ಮ್ಯೊಲ್ಚಿ ಅಮ್ಮನ ಕೋಣೆಯಲ್ಲಿ, ನುರುಂಜಿ ಹಾಲಿನಲ್ಲಿ, ನಡುವೆ ಬಾಗಿಲು ಬಂದ್. ಊಟದ ಹೊತ್ತಿಗೆ ಬಾಗಿಲಿನ ಆಚೆ ಒಂದು ಬಟ್ಟಲು, ಈಚೆ ಒಂದು ಬಟ್ಟಲು.

"ಒಳಗೆ ಅಮ್ಮ ಕೂತ್ಕೊಳ್ಳಿ, ಹೊರಗೆ ನೀವು. ಇಬ್ಬರೂ ಮೆಲ್ಲಗೆ ಮಾತಾಡ್ತಾ ಇರ್ಬೇಕು. ದನಿ ರೂಢಿ ಆದ್ರೇನೇ ಬೆಕ್ಕು ಹೊಂದ್ಕೊಳ್ಳೋದು. ಅಲ್ಲೀವರೆಗೂ ಅಮ್ಮ ಹೊರಡೋ ಹಾಗಿಲ್ಲ."

"ಮಾತಾಡೋದಾ? ಏನಂತ?" ಆ ಚಳಿಯಲ್ಲೂ ಇನ್‌ಸಿಕ್ ಬೆವರಿದ.

"ಏನಾದ್ರೂ ಆಡ್ರೀ. ಬೆಕ್ಕೇನು ತಪ್ಪು ಹಿಡಿಯುತ್ತಾ?"

ಮೊದಲ ದಿನ, "ಅತ್ತೆಯವರೇ, ಇಲ್ಲಿ ತಿನ್ನೋಣವಾಗ್ತಿದೆ" ಎಂದು ಇವನು, "ಇಲ್ಲೂ ಆಗ್ತಿದೆ ಅಳಿಯಂದಿರೇ" ಎಂದು ಆಕೆ. ಆದರೆ ಮುಖವೇ ಕಾಣದಿದ್ದರೆ ಮರ್ಯಾದೆ ಎಲ್ಲಿ ಅಂತ ನಿಲ್ಲಬೇಕು? ಹೂದೋಟಕ್ಕೆ ಕಾರು ನುಗ್ಗಿಸಿ ಬ್ರೇಕು ಎಲ್ಲಿದೆ ಎಂದು ಕೇಳಿದ ಶಿಷ್ಯನ ಕಥೆಯನ್ನು ಇನ್‌ಸಿಕ್ ಹೇಳಿದ. ಒಳಗಿನಿಂದ ಕಿಸಕ್ಕೆಂಬ ನಗು ಬಂತು. ವಾಸನೆ ಪರಿಚಯವಾಗಲೆಂದು ಅವನ ಕಾಲುಚೀಲ ಒಳಗೆ ಹೋಯಿತು. ತೂತು ಹೊಲಿಸಿಕೊಂಡು, ಒಗೆಸಿಕೊಂಡು, ಮಡಿಕೆಯಾಗಿ ಹೊರಗೆ ಬಂತು. (ಇನ್ನು ಬೆಕ್ಕು ಮೂಸುವುದೇನನ್ನು?) ಎರಡನೆಯ ವಾರ ಅವನಿಗೆ ಎಲ್ಲಿಲ್ಲದ ಧೈರ್ಯ ಬಂತು.

"ಅತ್ತೆಯವರೇ, ಒಂದು ಮಾತು. ನಂಗೆ ಕೋಳಿ ಸೇರೋದಿಲ್ಲ."

"ಬಂದಾಗೆಲ್ಲ ಇಡೀ ಕೋಳಿ ಮುಗಿಸ್ತಿದ್ರಲ್ಲ!"

"ತಾವು ಎದುರಿಗೇ ನಿಂತು ನೋಡ್ತಿದ್ರಲ್ಲ, ಅದಕ್ಕೆ."

"ಅಯ್ಯೋ ದೇವರೇ! ಕೋಳಿ ಕುಯ್ಯೋಕೆ ಹೆದರಿ ನಾನು ಪ್ರತಿ ಸಲ ಪಕ್ಕದ ಮನೆಯವಳ ಕಾಲಿಗೆ ಬೀಳ್ತಿದ್ದೆ!"

ಇಬ್ಬರೂ ನಕ್ಕ ರಭಸಕ್ಕೆ ಬಾಗಿಲು ಅದುರಿತು. ಬೆಕ್ಕುಗಳ ಮೇಲೆ ಇನ್‌ಸಿಕ್‌ಗೆ ಕೃತಜ್ಞತೆ ಉಕ್ಕಿತು. ಇವು ಇನ್ನಷ್ಟು ದಿನ ಕಚ್ಚಾಡಿಕೊಂಡಿರಲಪ್ಪಾ ಎಂದು ಗುಟ್ಟಾಗಿ ಹರಕೆಯನ್ನೂ ಹೊತ್ತ.

ಒಂದು ಮಧ್ಯಾಹ್ನ ಅತ್ತೆ ಚಿಕಿತ್ಸೆಗೆ ಹೋಗಿದ್ದ ಹೊತ್ತಿನಲ್ಲಿ ಅವನು ಬೇಗ ಮನೆಗೆ ಬಂದ. ಕೋಣೆಯ ಬಾಗಿಲು ಹಾರು ಹೊಡೆದಿತ್ತು. ಓಕ್‌ಜುವಿನ ಮಡಿಲಲ್ಲಿ ನುರುಂಜಿ ಮಲಗಿತ್ತು. ನುರುಂಜಿಯ ಹೊಟ್ಟೆಯಲ್ಲಿ ಮುಖ ಹುದುಗಿಸಿ ಮ್ಯೊಲ್ಚಿ ಗೊರಕೆ ಹೊಡೆಯುತ್ತಿತ್ತು.

"ಇದು ಯಾವಾಗಿಂದ?" ಅವನು ಕಿರುಚಿದ.

"ನಾಲ್ಕನೇ ದಿನದಿಂದ. ಬೆಕ್ಕುಗಳೇನೋ ಜಾಣ ಪ್ರಾಣಿಗಳು. ನಿಮಗಿಬ್ಬರಿಗೂ ಇನ್ನೂ ಒಂದು ವಾರ ಬೇಕು ಅಂದ್ಕೊಂಡಿದ್ದೆ" ಎಂದಳು ಹೆಂಡತಿ, ತಣ್ಣಗೆ.

ತನ್ನನ್ನೇ ಬೆಕ್ಕು ಮಾಡಿದಳಲ್ಲ ಎಂದು ಇನ್‌ಸಿಕ್ ಕುದಿದ. ಆದರೆ ಪಾಪ, ಅತ್ತೆಗೆ ಗೊತ್ತಾದರೆ ನೊಂದುಕೊಂಡಾಳು. ಬಾಗಿಲು ತೆರೆದರೆ ಗಂಟು ಎತ್ತಿಯಾಳು. ಸಂಜೆ ಏನೂ ಅರಿಯದವನಂತೆ ಬಟ್ಟಲು ಹಿಡಿದು ಬಾಗಿಲ ಬಳಿ ಕೂತ. "ಅತ್ತೆಯವರೇ, ನುರುಂಜಿಗೆ ಇನ್ನೂ ಬಲು ಕೋಪ. ಎರಡು ತಿಂಗಳಾದರೂ ಬೇಕೇನೋ!"

"ಹೌದೇ? ಅದು ಆಗ್ಲಿಂದ ನನ್ನ ಹಾಸಿಗೇಲಿ ಬಿದ್ಕೊಂಡಿದೆಯಲ್ಲ?"

ತನ್ನ ಬಟ್ಟಲಿನ ಮುಂದೆ ಬೆಕ್ಕೇ ಇಲ್ಲವೆಂಬುದನ್ನು ಇನ್‌ಸಿಕ್ ಆಗ ನೋಡಿದ.

"ತಮಗೆ... ಮೊದಲೇ ಗೊತ್ತಿತ್ತೇ?"

"ನನ್ನ ಕೋಣೇಲಿ ನಡೆಯೋದು ನಂಗೆ ಗೊತ್ತಾಗ್ದೇ ಇರುತ್ತಾ? ಬಾಗಿಲು ತೆಗೆದ್ರೆ ನೀವು ಮತ್ತೆ ಕಸದ ಚೀಲ ಹಿಡಿದು ಓಡಿಬಿಡ್ತೀರಿ ಅಂತ ಸುಮ್ಮನಿದ್ದೆ."

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗಾಯಿತು ಅವನ ಪಾಡು. ಲೆಕ್ಕಾಚಾರವನ್ನೆಲ್ಲ ಮರೆತು, "ಹೋಗ್ಬೇಡಿ ಅತ್ತೆ, ಇಲ್ಲೇ ಇದ್ಬಿಡಿ" ಎಂದ.

ಬಾಗಿಲು ತೆರೆಯಿತು. ಹೊಸ್ತಿಲಲ್ಲಿ ನಿಂತ ಅತ್ತೆ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಮರುಕ್ಷಣ ಟಾಂಗ್‌ಯಂಗ್ ಮಾರುಕಟ್ಟೆಯ ಕಂಠ ಡೇಜಾನಿನಲ್ಲಿ ಮೊದಲ ಬಾರಿಗೆ ಮೊಳಗಿತು.

"ಹಾಗಿದ್ರೆ ಇನ್ನೂ ಯಾಕೋ ಕೂತಿದೀಯ? ಬೆಕ್ಕು ಹೊಲಸು ಮಾಡಿದ ಮರಳಿನ ತಟ್ಟೆ ನಾರ್ತಾ ಇದೆ. ನಿಮ್ಮಪ್ಪ ಬಂದು ತೊಳೀತಾನಾ?"

ನೂರು ವರ್ಷದ ಅತಿಥಿಯ ಪದವಿ ಅಲ್ಲಿಗೆ ಮಣ್ಣುಪಾಲಾಯಿತು. ಅವನ ತಾಯಿ ಹೋದ ಮೇಲೆ ಹೀಗೆ ಬಾಯ್ತುಂಬ ಬೈದವರು ಯಾರೂ ಇರಲಿಲ್ಲ. ತಟ್ಟೆ ಎತ್ತಿಕೊಂಡು ಬಚ್ಚಲಿಗೆ ನಡೆದ ಇನ್‌ಸಿಕ್‌ನ ಕಣ್ಣು ತುಂಬಿತ್ತು. (ಮರಳಿನ ದೂಳು ಎಂದು ಹೆಂಡತಿಗೆ ಹೇಳಿದ.) ತೊಳೆದು ಬಂದು ಇಣುಕಿದರೆ, ಅತ್ತೆ ಗಂಟು ಬಿಚ್ಚಿ ತನ್ನ ಬಟ್ಟೆಗಳನ್ನು ಬೀರುವಿನಲ್ಲಿ ಒಪ್ಪವಾಗಿ ಜೋಡಿಸುತ್ತಿದ್ದಳು. ಜಾಗ ಸಾಲದ್ದಕ್ಕೆ ಅಳಿಯನ ಬಟ್ಟೆಗಳೆಲ್ಲ ನೆಲಕ್ಕಿಳಿದಿದ್ದವು, ಅವುಗಳ ಮೇಲೆ ಎರಡೂ ಬೆಕ್ಕುಗಳು ಮಲಗಿದ್ದವು.