ಇಬ್ಬರು ಅಳಿಯಂದಿರು, ಎರಡು ಬೇಸ್ ಗಿಟಾರ್

ಯಾವುದೇ ವಸ್ತುವಾಗಲಿ, ಬಳಗದಲ್ಲಿ ಒಂದೇ ಇರುವ ತನಕ ಅದರ ಒಡೆಯನಷ್ಟು ನೆಮ್ಮದಿಯ ಮನುಷ್ಯ ಮತ್ತೊಬ್ಬನಿಲ್ಲ. ಎರಡನೆಯದು ಬಂತೋ, ಕೆಟ್ಟಿತು. ಮೊದಲನೆಯದರ ಬಣ್ಣ ಮಾಸಿದಂತೆ ಕಾಣುತ್ತದೆ, ತೂಕ ಜಾಸ್ತಿಯಾಯಿತೇನೋ ಎನಿಸುತ್ತದೆ, ನಿನ್ನೆಯವರೆಗೆ ಇಲ್ಲದ ಊನವೆಲ್ಲ ಎದ್ದು ಕೂರುತ್ತದೆ. ಕೈಗಡಿಯಾರಕ್ಕೂ ಇದೇ ಮಾತು, ಎತ್ತಿಗೂ ಇದೇ ಮಾತು, ಅಳಿಯಂದಿರಿಗೂ ಇದೇ ಮಾತು. ಯಳಂದೂರಿನ ನಮ್ಮ ಮಾವನವರಿಗೆ ಎರಡನೆಯ ಅಳಿಯ ಬರುವ ತನಕ ನಾನು ಬಹಳ ಒಳ್ಳೆಯ ಅಳಿಯನಾಗಿದ್ದೆ. ಆಮೇಲೆ ದೊಡ್ಡ ಅಳಿಯನಾದೆ. ಈ ದೊಡ್ಡ ಎನ್ನುವುದು ವಯಸ್ಸಿನ ಮಾತೇ ಹೊರತು ಹೊಗಳಿಕೆಯಲ್ಲ ಎಂದು ತಿಳಿಯಲು ನನಗೆ ಎರಡು ಹಬ್ಬ ಬೇಕಾದವು.

ಎಪ್ಪತ್ತರ ದಶಕದ ಮೊದಲ ವರ್ಷಗಳು. ನಾನು ಕೊಳ್ಳೇಗಾಲದ ಕಚೇರಿಯೊಂದರಲ್ಲಿ ಗುಮಾಸ್ತ. ಗೆಳೆಯರೆಲ್ಲ ಸೇರಿ ವಾದ್ಯಗೋಷ್ಠಿಯೊಂದನ್ನು ಕಟ್ಟುವುದೆಂದು ತೀರ್ಮಾನವಾಯಿತು. ಮೊದಲ ಸಭೆಗೆ ನಾನು ಅರ್ಧ ಗಂಟೆ ತಡವಾಗಿ ಹೋದೆ. ಅಷ್ಟರೊಳಗೆ ಹಾಡುಗಾರಿಕೆ, ಅಕಾರ್ಡಿಯನ್, ತಬಲಾ, ಬುಲ್‌ಬುಲ್ ತರಂಗ್ ಎಲ್ಲವೂ ಹಂಚಿಹೋಗಿ ಬೇಸ್ ಗಿಟಾರ್ ಒಂದು ಉಳಿದಿತ್ತು. ಹಾಗೆಂದರೇನು ಎಂದು ಕೇಳಿದೆ. ಹಾಡಿನ ಅಡಿಯಲ್ಲಿ ಗುಂ ಗುಂ ಎಂದು ನಡೆಯುವ ದಪ್ಪ ಸದ್ದು, ಮನೆಗೆ ತಳಪಾಯ ಇದ್ದ ಹಾಗೆ ಎಂದರು. ನನಗೆ ಹೆಮ್ಮೆಯಾಯಿತು. ತಳಪಾಯ ಯಾರ ಕಣ್ಣಿಗೂ ಬೀಳುವುದಿಲ್ಲ ಎನ್ನುವುದು ಆ ಹೊತ್ತಿಗೆ ಹೊಳೆಯಲಿಲ್ಲ. ಈರೋಡಿನ ಕಡೆ ಮುಚ್ಚಿಹೋದ ವಾದ್ಯಗೋಷ್ಠಿಯವರಿಂದ ಒಂದನ್ನು ಕೊಂಡು, ಬಸ್ಸಿನಲ್ಲಿ ತೊಡೆಯ ಮೇಲೆ ಮಲಗಿಸಿಕೊಂಡು ಮನೆಗೆ ತಂದೆ. ನನ್ನ ಹೆಂಡತಿ ಗಿರಿಜೆ ಅದನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದಳು.

"ಗಿಟಾರಿಗೆ ಆರು ತಂತಿ ಅಂತಿದ್ರಿ. ಇದ್ರಲ್ಲಿ ನಾಕೇ ಅವೆ. ಮಿಕ್ಕಿದ್ ಎಲ್ಡ ಅವ್ರೇ ಮಡಿಕಂಡ್ರಾ?"

ಇದಕ್ಕೆ ನಾಲ್ಕೇ ಎಂದು ನಾನು ಎಷ್ಟು ಹೇಳಿದರೂ, ಈರೋಡಿನವರು ನನಗೆ ಟೋಪಿ ಹಾಕಿದ್ದಾರೆಂಬ ಅವಳ ಗುಮಾನಿ ಪೂರ್ತಿ ಹೋಗಲಿಲ್ಲ. ವಿದ್ಯುತ್ ವಾದ್ಯವಾದ್ದರಿಂದ ಸದ್ದು ಹಿಗ್ಗಿಸುವ ಯಂತ್ರಕ್ಕೆ ತಗುಲಿಸದೆ ಹೋದರೆ ಅದರ ಸದ್ದು ಸೊಳ್ಳೆಯದಕ್ಕಿಂತ ಒಂದು ಕೈ ಮೇಲು, ಅಷ್ಟೆ. ಯಂತ್ರ ಕೊಳ್ಳುವ ತಾಕತ್ತು ನನಗಿರಲಿಲ್ಲ. ಹಾಗಾಗಿ ಸಂಜೆ ಕಚೇರಿಯಿಂದ ಬಂದವನೇ ಕೋಣೆಯ ಬಾಗಿಲು ಹಾಕಿಕೊಂಡು, ಬಿರಡೆಗಳಿರುವ ಅದರ ತಲೆಯನ್ನು ಹಲಗೆ ಗೋಡೆಗೆ ಒತ್ತಿ ಹಿಡಿದು ಬಾರಿಸುತ್ತಿದ್ದೆ. ಹಲಗೆ ಸಣ್ಣಗೆ ಅದುರಿ, ಗುಂ ಎನ್ನುವುದು ನನ್ನ ಹೊಟ್ಟೆಗೂ ಕಿವಿಗೂ ತಲುಪುತ್ತಿತ್ತು. ಗೋಡೆಯ ಆಚೆ ಅಡುಗೆಮನೆ. ಅಲ್ಲಿಂದ ಗಿರಿಜೆ ಒಂದು ದಿನವೂ ತಕರಾರು ತೆಗೆಯಲಿಲ್ಲ. ಸಂಗೀತಗಾರರಲ್ಲಿ ನಾನೇ ಪುಣ್ಯವಂತ ಎಂದುಕೊಂಡಿದ್ದೆ.

ಈ ನೆಮ್ಮದಿಗೆ ಕಲ್ಲು ಬಿದ್ದದ್ದು ನನ್ನ ಷಡ್ಡಕ ಬಸವರಾಜುವಿನಿಂದ. ಗಿರಿಜೆಯ ತಂಗಿಯ ಗಂಡ, ಹನೂರಿನಲ್ಲಿ ಮೇಷ್ಟ್ರು. ನನ್ನ ವಾದ್ಯವನ್ನು ಒಂದು ಸಲ ಮುಟ್ಟಿ ನೋಡಿ ಹೋದವನು ಮೂರು ತಿಂಗಳಲ್ಲಿ ತನ್ನದೇ ಒಂದನ್ನು ಮಾಡಿಸಿಕೊಂಡು ಬಂದ. ಹನೂರಿನ ಬಡಗಿ ಹೊನ್ನೆ ಮರದಲ್ಲಿ ಕಡೆದದ್ದು. ಎತ್ತಲು ಹೋದರೆ ಸೊಂಟ ಹಿಡಿಯುವಂತಿತ್ತು. "ತೂಕ ಇದ್ರೆ ನಾದ ನಿಲ್ತದೆ ಕಣಣ್ಣ. ನಿಂದು ತಮಿಳು ಸೀಮೇದು, ಹಗುರ. ಅಂಗೇ ಆರೋಯ್ತದೆ" ಎಂದ. ನಾದ ಹಾರಿಹೋಗುತ್ತದೋ ಇಲ್ಲವೋ, ನನ್ನ ನಿದ್ದೆ ಹಾರಿಹೋಯಿತು.

ಅಲ್ಲಿಂದಾಚೆ ಹಬ್ಬಕ್ಕೆಂದು ಮಾವನ ಮನೆಗೆ ಹೋಗುವುದು ಹೋಳಿಗೆಗಲ್ಲ, ಹೋಲಿಕೆಗೆ ಎಂದಾಯಿತು. ಯಂತ್ರವಿಲ್ಲದ ಕಡೆ ಬೇಸ್ ಗಿಟಾರಿನ ನಾದವನ್ನು ಅಳೆಯಲು ಇರುವುದು ಒಂದೇ ಉಪಾಯ, ಅದರ ಮೈಗೆ ದವಡೆ ಒತ್ತಿ ಕೂತು ಬಾರಿಸುವುದು. ನನ್ನದಕ್ಕೆ ಅವನು, ಅವನದಕ್ಕೆ ನಾನು ದವಡೆ ಕೊಟ್ಟು, ಕಣ್ಣು ಮುಚ್ಚಿ, ಗಂಟೆಗಟ್ಟಲೆ ಕೂರುತ್ತಿದ್ದೆವು. ಅತ್ತೆಯವರು ಒಂದು ಸಲ ಬಾಗಿಲಿಗೆ ಬಂದು ನೋಡಿ ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಎರಡು ಲವಂಗ ಕಳಿಸಿಕೊಟ್ಟರು. ಇಬ್ಬರು ಅಳಿಯಂದಿರಿಗೂ ಒಟ್ಟಿಗೇ ಹಲ್ಲುನೋವು ಬಂದಿದೆ ಎಂದು ಅವರು ಬಹಳ ಮರುಗಿದರಂತೆ. ಬಸವರಾಜು ಮೇಷ್ಟ್ರಲ್ಲವೆ, ನೋಟ್‌ಬುಕ್ಕಿನಲ್ಲಿ ಇಂಪು, ಗಾಂಭೀರ್ಯ, ನಡತೆ ಎಂದು ಮೂರು ಕಲಂ ಹಾಕಿ ಎರಡಕ್ಕೂ ಅಂಕ ಕೊಡುತ್ತಿದ್ದ. ವಾದ್ಯಕ್ಕೆ ನಡತೆ ಏನು ಎಂದರೆ, ಶ್ರುತಿಯಲ್ಲಿ ನಿಲ್ಲುವುದು ಎನ್ನುತ್ತಿದ್ದ. ನಡತೆಯಲ್ಲಿ ನನ್ನದು ಪ್ರತಿ ಸಲವೂ ನಪಾಸು.

ಹೋಲಿಕೆಯ ಮಗನೇ ರಿಪೇರಿ. ಕೊಳ್ಳೇಗಾಲದವರಿಗೆ ಲೋಕದ ಯಾವ ಕಷ್ಟಕ್ಕೂ ರೇಷ್ಮೆಯಲ್ಲಿ ಮದ್ದಿದೆ ಎಂಬ ನಂಬಿಕೆ. ನನ್ನ ತಂತಿಗಳು ಒರಟಾಗಿವೆ, ಅದಕ್ಕೇ ನಾದ ಇಂಪಾಗಿಲ್ಲ ಎನಿಸಿದಾಗ, ಹುರಿ ಮಾಡುವ ಕಾರ್ಖಾನೆಯ ಸಿದ್ದರಾಜಣ್ಣನ ಬಳಿಗೆ ಹೋದೆ. ಅವನು ನಾಲ್ಕು ತಂತಿಯನ್ನೂ ಬೆಳಕಿಗೆ ಹಿಡಿದು ನೋಡಿ, "ಸಾ, ಸೀರೆಗೆ ಹಾಕೋ ಹುರಿನೇ ಸುತ್ತಿಬುಡ್ತೀನಿ, ಬೆಣ್ಣೆ ಆಯ್ತದೆ" ಎಂದ. ಹೇಳಿದಂತೆ ಮಾಡಿದ. ತಂತಿಗಳು ಮದುವೆ ಹೆಣ್ಣಿನ ಜಡೆಯಂತೆ ಮಿನುಗುತ್ತಿದ್ದವು, ಮುಟ್ಟಿದರೆ ಬೆಣ್ಣೆ. ಬಾರಿಸಿದರೆ ಮಾತ್ರ, ಮೊದಲೇ ಇಷ್ಟೇ ಇಷ್ಟಿದ್ದ ಸದ್ದು ಹೊದ್ದುಕೊಂಡು ಮಲಗಿಬಿಟ್ಟಿತು. ಎರಡು ಭಾನುವಾರ ಕೂತು ಎಳೆ ಎಳೆಯಾಗಿ ಬಿಚ್ಚಿದೆ. ಬಸವರಾಜು ಅತ್ತ ತನ್ನ ವಾದ್ಯದ ಕುದುರೆಯನ್ನು, ಅಂದರೆ ತಂತಿಗಳು ಹಾಯ್ದು ಬರುವ ಕೆಳಗಿನ ಪಟ್ಟಿಯನ್ನು, ಕಿತ್ತು, ಒಡೆದ ಹಿತ್ತಾಳೆ ಬಿಂದಿಗೆಯ ಕಂಠದಿಂದ ಹೊಸದು ಮಾಡಿಸಿದ್ದ. ಅದನ್ನು ನೋಡಿ ನಾನೂ ಬಿಂದಿಗೆ ಹುಡುಕಿದೆ. ನಮ್ಮ ಮನೆಯಲ್ಲಿ ಒಡೆದದ್ದು ಇರಲಿಲ್ಲ. ಒಡೆಯಬೇಕಾಯಿತು. ಆ ವಿಷಯ ಗಿರಿಜೆಗೆ ಇವತ್ತಿಗೂ ಗೊತ್ತಿಲ್ಲ.

ಇಷ್ಟಾದರೂ ನನ್ನೊಳಗೆ ಒಂದು ಮುಳ್ಳು ಇತ್ತು. ಅದನ್ನು ಮುಚ್ಚಿಡದೆ ಹೇಳಿಬಿಡುತ್ತೇನೆ. ನಮ್ಮ ಗೋಷ್ಠಿಯ ಪ್ರತಿ ಕಾರ್ಯಕ್ರಮಕ್ಕೂ ಗಿರಿಜೆ ಬಂದು ಮುಂದಿನ ಸಾಲಿನಲ್ಲಿ ಕೂರುತ್ತಿದ್ದಳು. ಅಲ್ಲೆಲ್ಲ ನನ್ನ ವಾದ್ಯವನ್ನು ಮೈಕ್‌ಸೆಟ್ಟಿಗೇ ತಗುಲಿಸುತ್ತಿದ್ದರು. ಮುಗಿದ ಮೇಲೆ ಚೆನ್ನಾಗಿತ್ತು ಎನ್ನುತ್ತಿದ್ದಳು. ನಾನು ಬಾರಿಸಿದ್ದು ಹೇಗಿತ್ತು ಎಂದು ಒತ್ತಿ ಕೇಳಿದರೆ ಅವಳು ವಿವರಿಸುತ್ತಿದ್ದುದು ಅಕಾರ್ಡಿಯನ್ನನ್ನು. ಕಡೆಗೆ ಅವಳೇ ಹೇಳಿದಳು: "ಬೇಜಾರ್ ಮಾಡ್ಕಬೇಡಿ. ನಿಮ್ ಬೆರಳು ಆಡದು ಕಾಣ್ತದೆ. ಸದ್ದು ಯಾವ್ದು ಅಂತ ಗೊತ್ತಾಗಕಿಲ್ಲ. ತಂಗಿ ಮದ್ವೇಲಾದ್ರೂ ಗೊತ್ತಾಗಂಗೆ ಬಾರ್ಸಿ." ಕಿರಿಯ ನಾದಿನಿಯ ಮದುವೆ ಯಳಂದೂರಿನಲ್ಲಿ ನಿಶ್ಚಯವಾಗಿತ್ತು. ಸಂಜೆ ನಮ್ಮದೇ ವಾದ್ಯಗೋಷ್ಠಿ. ಬಸವರಾಜು ತಾನೂ ಬಾರಿಸುತ್ತೇನೆಂದು ಹಟ ಹಿಡಿದು, ಮೊದಲರ್ಧ ನಾನು, ಉಳಿದರ್ಧ ಅವನು, ತೀರ್ಪು ಮಾವನವರದು ಎಂದು ಒಪ್ಪಂದವಾಯಿತು. ಅವನಿಗೆ ಮಾವನ ತೀರ್ಪು ಬೇಕಿತ್ತು. ನನಗೆ ಬೇಕಾದದ್ದು ಹೆಂಡತಿ ಒಂದು ಸಲ, ಅದು ನಿಮ್ಮದು, ಕೇಳಿತು ಎನ್ನುವುದು.

ಮದುವೆಯ ಸಂಜೆ ನಾನು ಬೆರಳು ಬೊಬ್ಬೆ ಬರುವಂತೆ ಬಾರಿಸಿದೆ. ಗಿರಿಜೆ ಮುಂದೆ ಕೂತು, ಹುಬ್ಬು ಗಂಟಿಕ್ಕಿ, ತಲೆಯನ್ನು ಒಂದು ಸಲ ಎಡಕ್ಕೆ ಒಂದು ಸಲ ಬಲಕ್ಕೆ ವಾಲಿಸಿ ಹುಡುಕುತ್ತಿದ್ದುದು ಕಾಣುತ್ತಿತ್ತು. ಕಳೆದುಹೋದ ಓಲೆಯ ತಿರುಪನ್ನು ಹುಡುಕುವಾಗಲೂ ಅವಳ ಮುಖ ಹಾಗೇ ಇರುತ್ತದೆ. ಆಮೇಲೆ ಬಸವರಾಜು ವೇದಿಕೆ ಹತ್ತಿದ. ಎಲ್ಲ ಮುಗಿದ ಮೇಲೆ ಇಬ್ಬರೂ ಹೋಗಿ ಮಾವನವರ ಮುಂದೆ ನಿಂತೆವು. ಜೋಡೆತ್ತು ನಿಲ್ಲಿಸಿದರೆ ಯಾವುದು ಎಡಕ್ಕೆ ಯಾವುದು ಬಲಕ್ಕೆ ಎಂದು ಕ್ಷಣದಲ್ಲಿ ಹೇಳುವ ಮನುಷ್ಯ ಅವರು.

"ಎಲ್ಡೂ ಒಂದೇ ತರ ಇದ್ದೊ ಅಳಿಮಯ್ಯ" ಎಂದರು.

"ಒಂದೇ ತರ ಅಂದ್ರೆ, ಮಾವ?"

"ಎಲ್ಡೂ ಕೇಳ್ನಿಲ್ಲ."

ಪಕ್ಕದಲ್ಲಿ ವೈರು ಸುತ್ತುತ್ತಿದ್ದ ಮೈಕ್‌ಸೆಟ್ಟಿನವನು ತಲೆ ಎತ್ತದೆ ಹೇಳಿದ: "ಎಂಗೆ ಕೇಳ್ತದೆ ಸಾ? ಈ ಹಾರ್ನು ಮಾತಿಗೆ, ಹಾಡಿಗೆ ಮಾಡಿರದು. ದಪ್ಪ ಸದ್ದು ಇದ್ರೊಳಗೆ ಬರಾಕೇ ಇಲ್ಲ. ನಾನು ಮೂರು ವರ್ಸದಿಂದ ನೋಡ್ತಾವ್ನಿ. ನೀವು ಅದೇನೋ ಹರಕೆ ಹೊತ್ಕಂಡಿದ್ದೀರಿ, ಅದ್ಕೇ ಬಾರ್ಸ್ತೀರಿ ಅಂದ್ಕಂಡಿದ್ದೆ."

ಮೂರು ವರ್ಷದ ಹೊನ್ನೆ ಮರ, ರೇಷ್ಮೆ, ಎರಡು ಬಿಂದಿಗೆ, ಒಂದು ನೋಟ್‌ಬುಕ್ಕಿನ ತುಂಬ ಅಂಕ, ಎಲ್ಲವೂ ಆ ತಗಡಿನ ಹಾರ್ನಿನ ಕತ್ತಿನಲ್ಲಿ ಸಿಕ್ಕಿಕೊಂಡು ಸತ್ತಿದ್ದವು. ಯಾರಿಗೂ ಕೇಳದ ಎರಡು ವಾದ್ಯಗಳಲ್ಲಿ ಯಾವುದು ಮೇಲು ಎಂದು ನಾವು ಜಗಳವಾಡಿದ್ದೆವು. ನಗಬಹುದಿತ್ತು. ನನಗೆ ಅಳು ಬಂತು.

ಮರುದಿನ ಮಧ್ಯಾಹ್ನ, ಬೀಗರೆಲ್ಲ ಹೊರಟ ಮೇಲೆ, ಊಟ ಮುಗಿಸಿ ಇಬ್ಬರೂ ಪಡಸಾಲೆಯಲ್ಲಿ ವಾದ್ಯಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದೆವು. ಅಡುಗೆಮನೆಯ ಗೋಡೆಗೆ ಆನಿಸಿದಂತೆ ಮಾವನವರ ರಾಗಿ ಪೆಟ್ಟಿಗೆ ಇತ್ತು. ಆಳುದ್ದದ ಹಲಸಿನ ಮರದ ಪೆಟ್ಟಿಗೆ, ಸುಗ್ಗಿಗೆ ಮುಂಚೆ ಖಾಲಿ. ಅದರ ಮೇಲೆ ಅವರು ಮಲಗಿ ಗೊರಕೆ ಹೊಡೆಯುತ್ತಿದ್ದರು. ಬೇಸರಕ್ಕೆ ನನ್ನ ವಾದ್ಯದ ತಲೆಯನ್ನು ಪೆಟ್ಟಿಗೆಗೆ ಒರಗಿಸಿ ಒಂದು ತಂತಿ ಮೀಟಿದೆ. ಇಡೀ ಪೆಟ್ಟಿಗೆ ಗುಂ ಎಂದಿತು. ಅಷ್ಟು ದೊಡ್ಡ, ಅಷ್ಟು ದುಂಡನೆಯ ಸದ್ದು ನನ್ನ ವಾದ್ಯದೊಳಗಿತ್ತು ಎಂದು ನನಗೇ ಗೊತ್ತಿರಲಿಲ್ಲ. ಮಾವನವರು ಎದ್ದು ಕೂತು, "ಯಾರ್ಲಾ ಅದು?" ಎಂದರು. ನಾನೇ ಮಾವ ಎಂದೆ. "ನೀವಾ? ಬಾರ್ಸಿ ಬಾರ್ಸಿ" ಎಂದು ಮತ್ತೆ ಮಲಗಿ ಹಲಗೆಗೆ ಕಿವಿ ಕೊಟ್ಟರು. ನಾನು ಬಾರಿಸಿದೆ. ಬಸವರಾಜು ತಡೆಯಲಾರದೆ ತನ್ನದನ್ನೂ ಒರಗಿಸಿ ಬಾರಿಸಿದ. ಅದಕ್ಕೆ ಮಾವನವರ ಗೊರಕೆ ಪುನಃ ಶುರುವಾಯಿತು.

"ನೋಡ್ದಾ ಅಣ್ಣ, ನಂದ್ರ ನಾದಕ್ಕೆ ಮಾವ ನಿದ್ದೆಗೋದ್ರು. ಅದು ಇಂಪು" ಎಂದು ಅವನು ಪಿಸುಗುಟ್ಟಿದ. ನನ್ನದು ಮಲಗಿದ್ದವರನ್ನು ಎಬ್ಬಿಸಿತು, ಅದು ಗಾಂಭೀರ್ಯ ಎಂದು ನಾನು ವಾದಿಸಿದೆ. ಹಿಂದಿನ ಸಂಜೆಯ ಅಳು ಎಲ್ಲಿ ಹೋಯಿತೋ ಕಾಣೆ. ನಾನು ಮತ್ತೆ ಬಾರಿಸತೊಡಗಿದೆ. ಅಷ್ಟರಲ್ಲಿ ಅಡುಗೆಮನೆಯಿಂದ ಗಿರಿಜೆ ಮಜ್ಜಿಗೆ ಲೋಟ ಹಿಡಿದು ಬಂದವಳು ಬಾಗಿಲಲ್ಲೇ ನಿಂತಳು. ಲೋಟ ಕೆಳಗಿಟ್ಟು, ಪೆಟ್ಟಿಗೆಯ ಮೇಲೆ ಅಂಗೈ ಊರಿದಳು.

"ಈ ಸದ್ದು ನಿಮ್ದಾ?" ಎಂದಳು.

"ನಂದೇ."

"ನಂಗೆ ಇದು ಗೊತ್ತು. ದಿನಾ ಸಂಜೆ ಕೇಳ್ತದೆ." ಅವಳು ಇನ್ನೊಂದು ಅಂಗೈಯನ್ನೂ ಊರಿದಳು. "ನಾನು ಪಕ್ಕದ್ ಮನೆಯೋರು ರಾಗಿ ಬೀಸ್ತಾವ್ರೆ ಅಂದ್ಕಂಡಿದ್ದೆ. ಅದು ಶುರುವಾದ್ ಮೇಲೇ ನಾನು ಒಲೆ ಅಚ್ತಿದ್ದುದು."

ಮೂರು ವರ್ಷ ಅವಳು ಕೇಳಿದ್ದಳು. ಹಲಗೆ ಗೋಡೆಯ ಆಚೆ ನಿಂತು, ದಿನವೂ ಕೇಳಿದ್ದಳು. ನನ್ನ ಗುಂ ಗುಂ ಸದ್ದಿಗೆ ನಮ್ಮ ಮನೆಯ ಒಲೆ ಹೊತ್ತಿಕೊಂಡಿತ್ತು. ನನಗೆ ಆದ ಸಂತೋಷ ಇಷ್ಟಿಷ್ಟಲ್ಲ. ಬಸವರಾಜುವಿನ ಕಡೆ ತಿರುಗಿ, ಬರ್ಕೋ ಎಂದೆ. ಅವನು ಮುಖ ಸಣ್ಣಗೆ ಮಾಡಿಕೊಂಡು ನೋಟ್‌ಬುಕ್ಕು ತೆಗೆಯುವಷ್ಟರಲ್ಲಿ ಗಿರಿಜೆ ಮಾತು ಮುಗಿಸಿರಲಿಲ್ಲವೆಂದು ಗೊತ್ತಾಯಿತು.

"ಪಾಪ, ಆ ಮನೆ ಸೊಸೇನ ಎಷ್ಟು ಬೈಕಂಡಿದ್ದೀನಿ. ಬೀಸಾಕೇ ಬರಾಕಿಲ್ಲ ಆ ಉಡುಗಿಗೆ, ನಾಕು ಸುತ್ತು ತಿರುಗ್ಸದು, ನಿಲ್ಸದು, ಒಂದ್ಸಲ ಬಿರ್ರನೆ, ಒಂದ್ಸಲ ತೆವಳ್ತಾ. ಅವ್ರತ್ತೆ ತಾವ ದೂರೂ ಏಳ್ಬುಟ್ಟಿದ್ದೆ. ಅದು ನೀವಾ?"

ಬಸವರಾಜು ನಡತೆಯ ಕಲಮಿನಲ್ಲಿ ನಗುನಗುತ್ತಾ ಏನೋ ಬರೆದ. ನಾನು ನೋಡಲು ಹೋಗಲಿಲ್ಲ.

ಕೊಳ್ಳೇಗಾಲಕ್ಕೆ ಮರಳಿದ ಮೇಲೆ ನಾನು ವಾದ್ಯದ ಯಾವ ಮೊಳೆಯನ್ನೂ ಮುಟ್ಟಲಿಲ್ಲ. ತಂತಿ, ಮರ, ಕುದುರೆ ಎಲ್ಲ ಇದ್ದಂತೆ ಇದ್ದವು. ರಿಪೇರಿ ಬೇಕಾಗಿದ್ದುದು ಬಾರಿಸುವವನಿಗೆ. ಕಾಲಲ್ಲಿ ತಾಳ ಹಾಕುತ್ತಾ, ಕೋಣೆಯಲ್ಲಿ ಕೂತು ದಿನವೂ ಒಂದೇ ಸಮನೆ ನಡೆಸಲು ಹೆಣಗಿದೆ. ದಾರಿಯಲ್ಲಿ ಪಕ್ಕದ ಮನೆಯ ಸೊಸೆ ಎದುರಾದರೆ ತಲೆ ತಗ್ಗಿಸಿ ಸರಿದು ನಿಲ್ಲುತ್ತಿದ್ದೆ. ಈ ಮನುಷ್ಯನಿಗೆ ಹೆಂಗಸರ ಮೇಲೆ ಇಷ್ಟು ಗೌರವ ಎಲ್ಲಿಂದ ಬಂತೆಂದು ಆಕೆಗೆ ಆಶ್ಚರ್ಯವಾಗಿರಬೇಕು. ನಾಲ್ಕೈದು ತಿಂಗಳು ಹೀಗೇ ಕಳೆಯಿತು. ಒಂದು ಸಂಜೆ ಬಾರಿಸಿ ಮುಗಿಸಿ ಕೈ ಕೊಡವುತ್ತಿದ್ದಾಗ, ಹಲಗೆ ಗೋಡೆಯ ಆಚೆಯಿಂದ, ಒಗ್ಗರಣೆಯ ಸದ್ದಿನ ನಡುವೆ ಗಿರಿಜೆಯ ದನಿ ಕೇಳಿತು.

"ಪಕ್ಕದ್ ಮನೆ ಸೊಸೆ ಈಗ ಪರವಾಗಿಲ್ಲ ಕಣ್ರಿ."