ಎರಡು ಮೊಳದ ಹಗ್ಗ

ನನಗೆ ಸುಸ್ತಾಗಿದೆ ಎಂದು ಮೊದಲೇ ಹೇಳಿಬಿಡುತ್ತೇನೆ. ಕಾಯಿಲೆ ಏನೂ ಇಲ್ಲ. ಬಿ.ಪಿ. ನನ್ನ ವಯಸ್ಸಿನವರಿಗೆ ಎಷ್ಟಿರಬೇಕೋ ಅಷ್ಟಿದೆ. ಸಕ್ಕರೆಯನ್ನು ಕಾಫಿಗೆ ಹಾಕುವುದು ಬಿಟ್ಟರೂ ರಕ್ತದಲ್ಲಿ ಒಂದಿಷ್ಟು ಉಳಿದುಕೊಂಡಿದೆ. ಈ ಸುಸ್ತು ಬೇರೆ ಥರದ್ದು. ಕೆಲಸದಲ್ಲಿದ್ದಾಗ ಇದು ನನ್ನ ಹತ್ತಿರ ಸುಳಿದಿರಲಿಲ್ಲ, ನಿವೃತ್ತನಾದ ಮೇಲೆ ಹಿಡಿದುಕೊಂಡಿತು. ನಿವೃತ್ತಿಯ ಆದೇಶದಲ್ಲಿ ಕುರ್ಚಿ ಬಿಟ್ಟು ಏಳಿ ಎಂದಷ್ಟೇ ಇರುತ್ತದೆ. ಆ ಕುರ್ಚಿಯಲ್ಲಿ ಕೂತು ಕಲಿತ ಚಾಳಿಗಳನ್ನು ಎಲ್ಲಿ ಇಳಿಸಿ ಬರಬೇಕು ಎನ್ನುವುದನ್ನು ಯಾರೂ ಬರೆದಿರುವುದಿಲ್ಲ. ನಾನು ಮಾಗಡಿ, ಚನ್ನಪಟ್ಟಣದ ಬಸ್ ನಿಲ್ದಾಣಗಳಲ್ಲಿ ಕಂಟ್ರೋಲರ್ ಆಗಿದ್ದವನು. ಬಸ್ಸು ಹೊತ್ತಿಗೆ ಸರಿಯಾಗಿ ಹೊರಡುವಂತೆ ನೋಡಿಕೊಳ್ಳುವುದು ನನ್ನ ಕೆಲಸ. ಈಗಲೂ ಮನೆಗೆ ಬಂದ ನೆಂಟರು ಹೊಸಿಲಲ್ಲಿ ನಿಂತು ಮಾತು ಬೆಳೆಸಿದರೆ, "ಸೋಲೂರು, ನೆಲಮಂಗಲ, ಹೊರಡ್ರೀ ಹೊರಡ್ರೀ" ಎಂದು ಬಾಯಿಗೆ ಬಂದುಬಿಡುತ್ತದೆ. ಇದರಿಂದ ನೆಂಟರು ಕಡಿಮೆಯಾಗಿದ್ದಾರೆ ಎಂದು ನನ್ನ ಹೆಂಡತಿ ಜಯಳ ದೂರು.

ನಾವಿರುವುದು ರಾಮನಗರದಿಂದ ಕನಕಪುರದ ಕಡೆ ಹೋಗುವ ರಸ್ತೆಯಲ್ಲಿ, ಬಂಡೆಗಳ ಮಗ್ಗುಲಲ್ಲಿ ಕಟ್ಟಿದ ಒಂದು ಬಡಾವಣೆಯಲ್ಲಿ. ನಿವೃತ್ತರಿಗೆಂದೇ ಮಾಡಿದ್ದು. ಇದಕ್ಕೊಂದು ಉದ್ದನೆಯ ಇಂಗ್ಲಿಷ್ ಹೆಸರಿದೆ, ಕಮಾನಿನ ಮೇಲೆ ಚಿನ್ನದ ಬಣ್ಣದಲ್ಲಿ ಬರೆಸಿದ್ದಾರೆ. ಆದರೆ ಪಕ್ಕದ ಊರಿನವರೂ ಆಟೋದವರೂ ಕರೆಯುವುದು 'ಮುದುಕರ ಲೇಔಟು' ಎಂದು. ಇಲ್ಲಿ ಎಲ್ಲರೂ ನನ್ನ ಹಾಗೆಯೇ, ಕೆಲಸ ಬಿಟ್ಟರೂ ಕೆಲಸ ಬಿಡದವರು. ಸರ್ವೆ ಇಲಾಖೆಯಲ್ಲಿದ್ದ ನಂಜುಂಡಪ್ಪನವರು ಪಕ್ಕದ ಮನೆಯ ದಾಸವಾಳದ ಕೊಂಬೆ ತಮ್ಮ ಕಡೆಗೆ ಎಷ್ಟು ಬಂದಿದೆಯೆಂದು ಕಣ್ಣಲ್ಲೇ ಅಳೆಯುತ್ತಾರೆ. ಆಸ್ಪತ್ರೆಯಲ್ಲಿ ನರ್ಸಾಗಿದ್ದ ಒಬ್ಬ ತಾಯಿ ಕೈಕುಲುಕುವ ನೆಪದಲ್ಲಿ ನಾಡಿ ಹಿಡಿದು ನೋಡಿ, ಮುಖ ಸಪ್ಪಗೆ ಮಾಡಿಕೊಂಡು, ಏನೂ ಹೇಳದೆ ಹೋಗಿಬಿಡುತ್ತಾರೆ. ಇಂಥವರ ನಡುವೆ ಒಂದು ಸಂಘ, ಸಂಘಕ್ಕೊಬ್ಬ ಕಾರ್ಯದರ್ಶಿ. ಆ ಚುನಾವಣೆಯ ದಿನ ನಾನು ಹಲ್ಲು ಕೀಳಿಸಲು ಪೇಟೆಗೆ ಹೋಗಿದ್ದೆ. ವಾಪಸು ಬರುವಷ್ಟರಲ್ಲಿ ಅವಿರೋಧವಾಗಿ ಆಯ್ಕೆಯಾಗಿದ್ದೆ. ಬಾಯಲ್ಲಿ ಹತ್ತಿ ಇದ್ದದ್ದರಿಂದ ಬೇಡ ಎನ್ನಲೂ ಆಗಲಿಲ್ಲ.

ನಮ್ಮ ಎದುರು ಮನೆಯವರು ಬೀರಯ್ಯ ಮೇಷ್ಟ್ರು. ಕೋಡಿಹಳ್ಳಿ ಕಡೆಯವರು, ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು. ಅವರ ಮನೆತನಕ್ಕೆ ಹಿಂದಿನಿಂದ ಕುರಿ ಸಾಕಣೆ, ಮೊನ್ನೆಮೊನ್ನೆಯವರೆಗೂ ಅವರ ತಮ್ಮ ಮಂದೆ ಇಟ್ಟುಕೊಂಡಿದ್ದರು. ತಮ್ಮನಿಗೆ ಮಂಡಿ ಕೈಕೊಟ್ಟಾಗ ಕುರಿಗಳನ್ನು ಬೇರೆಯವರಿಗೆ ಒಪ್ಪಿಸಿದರು. ಮಂದೆ ಕಾಯುತ್ತಿದ್ದ ನಾಯಿಯನ್ನು ಮಾತ್ರ ಮೇಷ್ಟ್ರು ತಮ್ಮ ಜೊತೆ ಕರೆತಂದರು. ಬೂದಿ ಬಣ್ಣದ, ಉದ್ದ ಕಾಲಿನ, ಒಂದು ಕಿವಿ ಹರಿದ ನಾಯಿ. ಹೆಸರು ಬೂದ. "ಇದೂ ರಿಟೈರಾಗೈತೆ, ಇಲ್ಲೇ ಇರ್ಲಿ ಬುಡಿ," ಎಂದರು ಮೇಷ್ಟ್ರು. ವಯಸ್ಸಿನ ಲೆಕ್ಕದಲ್ಲಿ ಅದು ನಮ್ಮ ಲೇಔಟಿಗೆ ಅರ್ಹವೇ ಆಗಿದ್ದರಿಂದ ಯಾರೂ ತಕರಾರು ತೆಗೆಯಲಿಲ್ಲ. ಆದರೆ ಅದಕ್ಕೆ ನಿವೃತ್ತಿಯ ಆದೇಶ ಕೈಗೆ ಸಿಕ್ಕಿರಲಿಲ್ಲವೆಂದು ಕಾಣುತ್ತದೆ.

ಸಂಜೆಯಾದರೆ ನಮ್ಮಲ್ಲಿ ಎಲ್ಲರೂ ವಾಕಿಂಗ್ ಹೊರಡುತ್ತೇವೆ. ಒಬ್ಬರು ಬೇಗ, ಒಬ್ಬರು ನಿಧಾನ, ಒಬ್ಬರು ಕಿವಿಗೆ ಫೋನು ಒತ್ತಿಕೊಂಡು ಹೊಂಗೆ ಮರದ ಕೆಳಗೆ ನಿಂತೇಬಿಡುತ್ತಾರೆ. ಬೂದನಿಗೆ ಇದನ್ನು ನೋಡಿ ಸಹಿಸಲಾಗಲಿಲ್ಲ. ಸಂಜೆ ಹೊತ್ತಿನಲ್ಲಿ ಇಷ್ಟು ಜೀವಗಳು ದಿಕ್ಕಿಗೊಂದರಂತೆ ಚದುರಿಕೊಂಡಿರುವುದು ಅದರ ಕಣ್ಣಿಗೆ ದೊಡ್ಡ ಅನಾಹುತ. ಬಂದ ವಾರದಲ್ಲೇ ಕೆಲಸಕ್ಕೆ ಇಳಿಯಿತು. ಸುಮ್ಮನೆ ಒಂದು ಸುತ್ತು ಹಾಕುವುದು, ಹಿಂದೆ ಬಂದು ಮೂಗಿನಿಂದ ಮೀನಖಂಡಕ್ಕೆ ಒತ್ತುವುದು, ಮುಂದೆ ಹೋಗಿ ಅಡ್ಡ ನಿಲ್ಲುವುದು. ಬೊಗಳುತ್ತಿರಲಿಲ್ಲ, ಕಚ್ಚುವುದಂತೂ ದೂರದ ಮಾತು. ಆದರೂ ಹೊತ್ತು ಮುಳುಗುವ ವೇಳೆಗೆ ನಾವೆಲ್ಲ ಕ್ಲಬ್ ಹೌಸಿನ ಮುಂದೆ ಒತ್ತೊತ್ತಾಗಿ ನಿಂತಿರುತ್ತಿದ್ದೆವು. ಯಾಕೆ ನಿಂತಿದ್ದೇವೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ಮಾತು ಬಿಟ್ಟವರೂ ಭುಜಕ್ಕೆ ಭುಜ ತಾಗಿಸಿ ನಿಂತು, ಸೆಕೆ ಜಾಸ್ತಿ ಅಲ್ಲವೇ ಎಂದು ಕೇಳಬೇಕಾಗುತ್ತಿತ್ತು. ಬೂದ ಸ್ವಲ್ಪ ದೂರದಲ್ಲಿ ನಾಲಿಗೆ ಹೊರಗೆ ಹಾಕಿ ಮಲಗಿ, ಕುರಿಗಳೆಲ್ಲ ರೊಪ್ಪ ಸೇರಿದವು ಎನ್ನುವ ಸಮಾಧಾನದಲ್ಲಿ ನಮ್ಮನ್ನು ನೋಡುತ್ತಿತ್ತು.

ನನಗೇನೋ ಒಳಗೊಳಗೇ ಆ ನಾಯಿಯ ಮೇಲೆ ಅಭಿಮಾನ. ಸಮಯಕ್ಕೆ ಸರಿಯಾಗಿ ಜನರನ್ನು ಸೇರಿಸುವುದು ಎಂಥ ಕಷ್ಟದ ಕೆಲಸವೆಂದು ನನಗೆ ಗೊತ್ತು. ತೊಂದರೆ ಬಂದದ್ದು ಜಯಳಿಂದ. ಅವಳಿಗೆ ಮಂಡಿ ಬದಲಾಯಿಸಿ ಹೆಚ್ಚು ದಿನವಾಗಿರಲಿಲ್ಲ. ಊರುಗೋಲು ಹಿಡಿದು ನಡೆಯುತ್ತಾಳೆ. ದಿನಾ ನಡೆಯದಿದ್ದರೆ ಕಾಲು ಬಿಗಿದುಕೊಳ್ಳುತ್ತದೆ, ಆಮೇಲೆ ನನ್ನ ಹತ್ತಿರ ಬರಬೇಡಿ ಎಂದು ಡಾಕ್ಟರು ಗದರಿಸಿ ಕಳಿಸಿದ್ದರು. ಅಂಥವಳು ಒಂದು ಸಂಜೆ ವಾಕಿಂಗಿನಿಂದ ಬಂದವಳೇ ಊರುಗೋಲನ್ನು ಬಾಗಿಲ ಹಿಂದೆ ಇಟ್ಟು, "ನಾನಿನ್ನು ಬರಕ್ಕಿಲ್ಲ ಕಣ್ರೀ," ಎಂದಳು. "ಆ ನಾಯಿ ನನ್ನೊಬ್ಳನ್ನೇ ಹಿಂದಿಂದ ನೂಕ್ತದೆ. ಬಿದ್ಬುಟ್ರೆ ಯಾರು ಎತ್ತೋರು? ನೀವು ಎತ್ತಕ್ಕೆ ಹತ್ರ ಇರ್ತೀರಾ?" ಕೊನೆಯ ಪ್ರಶ್ನೆಗೆ ನಾನು ಹೆಚ್ಚು ಗಮನ ಕೊಡಲಿಲ್ಲ. ಹೆಂಗಸರು ಸಿಟ್ಟಿನಲ್ಲಿ ಕೇಳುವ ಕೊನೆಯ ಪ್ರಶ್ನೆಗೆ ಉತ್ತರ ಹುಡುಕುವ ಅಭ್ಯಾಸ ನನಗಿಲ್ಲ.

ಹತ್ತಿರ ಇರುವುದೆಂದರೆ ಹೇಗೆ? ನಾನು ಮೊದಲಿನಿಂದಲೂ ಬಿರುಸು ನಡಿಗೆಯವನು. ನಮ್ಮ ಕಡೆ ಗಂಡಸು ಮುಂದೆ, ಹೆಂಗಸು ಹಿಂದೆ. ನಮ್ಮಪ್ಪ ಸಂತೆಗೆ ಹೋದರೆ ನಮ್ಮವ್ವ ಒಂದು ಹೊಲದಷ್ಟು ಹಿಂದೆ ಬರುತ್ತಿದ್ದಳು. ಏನಾದರೂ ಹೇಳಬೇಕಾದರೆ ಅಲ್ಲಿಂದಲೇ ಕೂಗುತ್ತಿದ್ದಳು, ಹೀಗಾಗಿ ನಮ್ಮ ಮನೆಯ ಗುಟ್ಟುಗಳೆಲ್ಲ ಊರಿಗೆ ಗೊತ್ತಿದ್ದವು. ಮದುವೆಯಾದ ಹೊಸದರಲ್ಲಿ ಜಯಳ ಜೊತೆ ಅವಳ ತವರು ದೊಡ್ಡಮಳೂರಿನ ದೇವಸ್ಥಾನಕ್ಕೆ ಹೋಗಿದ್ದೆ. ಕೈಮುಗಿದು, ತೀರ್ಥ ಕುಡಿದು, ಸರಸರ ರಸ್ತೆಗೆ ಬಂದು ಬಸ್ಸು ಹತ್ತಿ ಟಿಕೆಟ್ ಕೇಳುವಾಗ ಕಂಡಕ್ಟರು "ಒಂದಾ ಎರಡಾ?" ಎಂದ. ಆಗಲೇ ನನಗೆ ಮದುವೆಯಾಗಿರುವುದು ನೆನಪಾದದ್ದು. ಇಳಿದು ಹೋಗಿ ನೋಡಿದರೆ ಜಯ ದೇವಸ್ಥಾನದ ಮೆಟ್ಟಿಲಲ್ಲಿ ಚಪ್ಪಲಿ ಕಾಯುತ್ತಾ ಕೂತಿದ್ದಳು. ನನ್ನದನ್ನೂ ಸೇರಿಸಿ. ನಾನು ಬರಿಗಾಲಲ್ಲೇ ಹೋಗಿದ್ದೆ.

ಇರಲಿ, ನಾಯಿಯ ವಿಷಯಕ್ಕೆ ಬರುತ್ತೇನೆ. ಜಯ ಮೂರ್ನಾಲ್ಕು ದಿನ ಮನೆಯಲ್ಲೇ ಕೂತಳು. ಬೆಳಿಗ್ಗೆ ಮಂಚದಿಂದ ಏಳುವಾಗ ಅವಳ ಮುಖ ನೋಡಿ ನನಗೆ ನಿಜವಾಗಿ ಭಯವಾಯಿತು. ಮುಂದೆ ಇವಳು ನಡೆಯದೇ ಹೋದರೆ ಎನ್ನುವ ಯೋಚನೆ ಬಂದು ಕಾಫಿ ರುಚಿಸಲಿಲ್ಲ. ಕಾರ್ಯದರ್ಶಿಗೆ ಗೊತ್ತಿರುವ ಔಷಧಿ ಒಂದೇ, ಮೀಟಿಂಗು ಕರೆದೆ. ಲೇಔಟಿನೊಳಗೆ ನಾಯಿಗಳನ್ನು ಹಗ್ಗದಲ್ಲಿ ಹಿಡಿದೇ ಓಡಾಡಿಸಬೇಕು, ಹಿಡಿಯುವವರಿಲ್ಲದ ನಾಯಿ ಒಳಗೆ ಇರಕೂಡದು ಎಂದು ಸೂಚನೆ ಮಂಡಿಸಿದೆ. ನಂಜುಂಡಪ್ಪನವರಿಗೆ ಪಿಂಕಿ ಎನ್ನುವ ಪಮೇರಿಯನ್ ಇದೆ. ಅವರ ಮನೆಯವರು ಅದನ್ನು ಸದಾ ಕಂಕುಳಲ್ಲಿ ಇಟ್ಟುಕೊಂಡಿರುತ್ತಾರೆ. ಕಂಕುಳಲ್ಲಿರುವ ನಾಯಿಗೂ ಹಗ್ಗ ಬೇಕೇ ಎಂಬ ಬಗ್ಗೆ ಸುಮಾರು ಹೊತ್ತು ಚರ್ಚೆ ನಡೆಯಿತು. ಆಮೇಲೆ ಹಗ್ಗದ ಉದ್ದ. ಅಳತೆಯಿಲ್ಲದ ನಿಯಮ ನಿಯಮವೇ ಅಲ್ಲ ಎಂದು ನಂಜುಂಡಪ್ಪನವರು ಹಟ ಹಿಡಿದರು. ನಾಲ್ಕು ಮೊಳ ಎಂದು ಅವರು ಹೇಳಿದರೆ, ಎರಡೇ ಮೊಳ ಎಂದು ನಾನು ಮೇಜು ಗುದ್ದಿದೆ. "ಹಗ್ಗ ಉದ್ದ ಬಿಟ್ಟರೆ ಹಿಡಿದೂ ಉಪಯೋಗವಿಲ್ಲ, ಪಕ್ಕದಲ್ಲೇ ಇರಬೇಕು!" ಎಂದೆ. ಚಪ್ಪಾಳೆ ಬಿತ್ತು.

ಬೀರಯ್ಯ ಮೇಷ್ಟ್ರು ಕೊನೆಯಲ್ಲಿ ಎದ್ದು ನಿಂತರು. "ನಮ್ ಪೈಕಿ ಯಾರೂ ಕುರಿ ನಾಯಿಗೆ ಹಗಲೊತ್ತು ಹಗ್ಗ ಹಾಕಿಲ್ಲ," ಎಂದರು. "ಅದ್ಕೆ ಗುಂಪು ಚದುರ್ಬಾರ್ದು, ಅಷ್ಟೇಯ. ಹಿಂದುಳಿದಿದ್ನ ಮುಂದುಕ್ ನೂಕ್ತದೆ, ಮುಂದೋಗಿದ್ನ ಹಿಂದುಕ್ ತತ್ತದೆ. ಅದು ಬುಟ್ರೆ ಅದ್ಕೆ ಬೇರೆ ಏನೂ ಗೊತ್ತಿಲ್ಲ. ಆಗ್ಲಿ, ನೀವೆಲ್ಲ ಹೇಳಿದ್ಮೇಲೆ ಕಟ್ತೀನಿ." ಇಷ್ಟು ಹೇಳಿ ಕೂತರು. ಅವರ ಮಾತಿನಲ್ಲಿ ಹಿಂದುಳಿದದ್ದನ್ನು ನೂಕುವ ಭಾಗ ಮಾತ್ರ ನನ್ನ ಕಿವಿಗೆ ಬಿತ್ತು.

ಮರುದಿನ ಮೇಷ್ಟ್ರು ಹಗ್ಗ ಹಿಡಿದು ಹೊರಟರು. ಬೂದ ಒಮ್ಮೆ ಅವರ ಮುಖ ನೋಡಿತು. ಆಮೇಲೆ ಚದುರಿದ್ದ ನಮ್ಮನ್ನೆಲ್ಲ ನೋಡಿ, ಮೇಷ್ಟ್ರ ಸಮೇತ ಕೆಲಸಕ್ಕೆ ಹೊರಟಿತು. ಪಂಚೆಯುಟ್ಟ ಮೇಷ್ಟ್ರು ನಮ್ಮ ಸುತ್ತ ಓಡಿದ ಆ ದೃಶ್ಯವನ್ನು ವಿವರಿಸುವುದು ಸಭ್ಯತೆಯಲ್ಲ. ರಾತ್ರಿಯಾಗುವಷ್ಟರಲ್ಲಿ ಅವರ ಭುಜ ಹಿಡಿದುಕೊಂಡಿತು. ನರ್ಸ್ ತಾಯಿ ಬಂದು ನೋಡಿ, ಸದ್ಯಕ್ಕೆ ಇವರು ಹಗ್ಗ ಮುಟ್ಟುವಂತಿಲ್ಲ ಎಂದುಬಿಟ್ಟರು. ಹಿಡಿಯುವವರಿಲ್ಲದ ನಾಯಿ ಒಳಗೆ ಇರಕೂಡದು, ನಾನೇ ಬರೆದ ನಿಯಮ. "ಕೋಡಿಹಳ್ಳಿಗೇ ಕಳಿಸ್ತೀನಿ ಬುಡಿ ಸೆಕ್ರೆಟ್ರಿಗಳೇ," ಎಂದರು ಮೇಷ್ಟ್ರು. "ಅಲ್ಲಿ ಕುರಿ ಇಲ್ಲ. ಸುಮ್ಕೆ ಬಿದ್ದಿರ್ತದೆ." ಬೂದನ ತಲೆಯ ಮೇಲಿದ್ದ ಕೈಯನ್ನು ಅವರು ತೆಗೆಯಲಿಲ್ಲ.

ಜಯ ಖುಷಿಪಡುತ್ತಾಳೆಂದು ಓಡಿಹೋಗಿ ಹೇಳಿದೆ. ಅವಳು ಅವರೆಕಾಯಿ ಬಿಡಿಸುತ್ತಿದ್ದವಳು ಮೊರ ಕೆಳಗಿಟ್ಟಳು. "ನಾಯಿ ಹಿಡ್ಕಳಿ ಅಂದೆ, ಊರು ಬುಡ್ಸಿ ಅಂದ್ನಾ? ನಿಮ್ಗೇನು ಕೈ ಇಲ್ವಾ? ನೀವೇ ಹಿಡ್ಕಳಿ." ಹೀಗೆ, ಜೀವಮಾನದಲ್ಲಿ ಒಂದು ಬೆಕ್ಕನ್ನೂ ಸಾಕದ ನಾನು ಬೂದನ ಹಗ್ಗ ಹಿಡಿಯುವವನಾದೆ.

ಮೊದಲ ದಿನ ಜಯಳೂ ಧೈರ್ಯ ಮಾಡಿ ಹೊರಟಳು. ನಾನು ಎಂದಿನಂತೆ ಮುಂದೆ, ಅವಳು ಹಿಂದೆ. ಬೂದ ನಾಲ್ಕು ಹೆಜ್ಜೆ ನನ್ನ ಜೊತೆ ಬಂದು ಗಕ್ಕನೆ ಹಿಂದಕ್ಕೆ ತಿರುಗಿತು. ನಾನು ತಿರುಗಲಿಲ್ಲ, ನನ್ನ ಸೊಂಟ ತಿರುಗಿತು. ಬಸ್ಸಿನ ಟಯರು ಸಿಡಿದಂಥ ಒಂದು ಸದ್ದು ಒಳಗೆ ಕೇಳಿಸಿತು. ಆ ರಾತ್ರಿ ಜಯ ಬಿಸಿನೀರಿನ ಚೀಲ ಇಟ್ಟಳು, ನೋವಿನೆಣ್ಣೆ ಹಚ್ಚಿದಳು. ಬಿರುಸಾಗಿ ನಡೆಯುವುದು ಸದ್ಯಕ್ಕೆ ನನಗೆ ಮುಗಿದ ಕಥೆಯಾಯಿತು. ಆದರೂ ಸಂಜೆ ಹಗ್ಗ ಹಿಡಿಯಲೇಬೇಕು, ಇಲ್ಲದಿದ್ದರೆ ನಾಯಿ ಕೋಡಿಹಳ್ಳಿಗೆ. ಸೊಂಟದ ಮೇಲೆ ಒಂದು ಕೈ, ಹಗ್ಗದಲ್ಲಿ ಒಂದು ಕೈ ಇಟ್ಟುಕೊಂಡು ಹೆಜ್ಜೆ ಎಣಿಸುವವನ ಹಾಗೆ ನಡೆದೆ. ನೋಡುತ್ತೇನೆ, ಪಕ್ಕದಲ್ಲಿ ಜಯ! ಅವಳು ಬೇಗ ಬಂದಿರಲಿಲ್ಲ, ನಾನು ನಿಧಾನಕ್ಕೆ ಇಳಿದಿದ್ದೆ. ಬೂದ ನಮ್ಮಿಬ್ಬರ ನಡುವೆ ತಲೆ ತಗ್ಗಿಸಿಕೊಂಡು ಬರುತ್ತಿತ್ತು. ಎಳೆಯಲಿಲ್ಲ, ನೂಕಲಿಲ್ಲ, ಅತ್ತಿತ್ತ ನೋಡಲೂ ಇಲ್ಲ. ಹೊಂಗೆ ಮರದ ಕೆಳಗೆ ಫೋನಿನವರು ಒಬ್ಬರೇ ನಿಂತಿದ್ದರು. ಅವರನ್ನೂ ಅದು ಹೋಗಲಿ ಎಂದು ಬಿಟ್ಟುಬಿಟ್ಟಿತು.

"ಈ ನಾಯಿಗೆ ಏನಾಯ್ತೇ? ಪಾಠ ಕಲಿತುಕೊಂಡಿತಲ್ಲ," ಎಂದೆ.

"ಅದಕ್ಕೇನಾಗಿದ್ದದು? ಅದು ಕಾಡಿದ್ದು ನನ್ನೊಬ್ಳನ್ನಾ?" ಎಂದಳು ಜಯ. "ನನ್ನ ಒಂದ್ಸತಿ ನೂಕೋದು, ಮುಂದಕ್ ಓಡಿ ನಿಮ್ಗೆ ಅಡ್ಡ ನಿಲ್ಲೋದು. ನೀವು ಅದನ್ನ ದಾಟ್ಕೊಂಡು ಹೋಗ್ಬುಡೋರು. ಮತ್ತೆ ನನ್ ಹತ್ರ ಬರೋದು. ಇನ್ನೇನ್ ಮಾಡ್ತದೆ ಪಾಪ, ನಿಮ್ಗೆ ಹೇಳಿ ಸಾಕಾಗಿ ನಾನೇ ಸುಮ್ನಾಗಿರೋವಾಗ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಅನುಕೂಲವಾಗುತ್ತಿತ್ತು. ನಾಚಿಕೆಯಾಗಿ ಮುಖ ಹಿಂಡಿಕೊಂಡೆ, ಸೊಂಟದ ನೋವಿಗೆಂದೇ ಅವಳು ತಿಳಿದಿರಬೇಕು. ನಾನೂ ತಿದ್ದಲು ಹೋಗಲಿಲ್ಲ.

ಈಗ ಇದು ದಿನದ ಕ್ರಮವಾಗಿದೆ. ಜಯಳ ಕಾಲು ಸಡಿಲವಾಗಿದೆ, ಡಾಕ್ಟರು ಮೆಚ್ಚಿಕೊಂಡರು. ಮೇಷ್ಟ್ರು ಭುಜ ನೀವಿಕೊಳ್ಳುತ್ತಾ ಗೇಟಿನ ಹತ್ತಿರ ಕಾಯುತ್ತಾರೆ, ಬೂದನನ್ನು ಅವರಿಗೆ ಒಪ್ಪಿಸಿ ಮನೆಗೆ ಬರುತ್ತೇವೆ. ನಿಯಮ ಮಾಡಿದವರೇ ನಿಯಮ ಪಾಲಿಸುವುದನ್ನು ನಮ್ಮ ಸೆಕ್ರೆಟರಿಯಿಂದ ಕಲಿಯಬೇಕು ಎಂದು ಸಂಘದಲ್ಲಿ ನನ್ನನ್ನು ಹೊಗಳಿದರು. ಶಾಲು ಹೊದಿಸುವ ಮಾತೂ ಬಂತು. ನಾನು ವಿನಯದಿಂದ ತಲೆಯಾಡಿಸಿದೆ. ಜಯ ಹಿಂದಿನ ಸಾಲಿನಲ್ಲಿ ಕೂತು ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡಿದ್ದಳು.

ಮೊನ್ನೆಗೆ ಸೊಂಟ ಪೂರಾ ವಾಸಿಯಾಯಿತು. ಸಂಜೆ ಮುಂದಿನ ತಿರುವಿನಲ್ಲಿ ನಂಜುಂಡಪ್ಪನವರು ಕೈಬೀಸಿ ಕರೆದರು. ಕಾಲುಗಳು ಹಳೆಯ ಚಾಳಿಯಲ್ಲಿ ಸರಸರ ಹೊರಟವು. ಹೊರಟ ಕೂಡಲೇ ಹಗ್ಗ ಕೈಯಲ್ಲಿ ಬಿಗಿಯಾಯಿತು. ತಿರುಗಿದರೆ ಬೂದ ಜಯಳ ಕಾಲಿನ ಬಳಿ ಕುಕ್ಕರಿಸಿ ಕೂತಿದೆ, ಎಳೆದರೂ ಏಳುವ ಲಕ್ಷಣವಿಲ್ಲ. ನಾನು ವಾಪಸು ಬಂದೆ. ಬರುತ್ತಾ ಕಾರ್ಯದರ್ಶಿಯ ದನಿಯಲ್ಲೇ ಹೇಳಿದೆ, "ಮುಂದಿನ ಮೀಟಿಂಗಲ್ಲಿ ಈ ಹಗ್ಗದ ಅಳತೆ ತಿದ್ದುಪಡಿ ಮಾಡಿಸ್ಬೇಕು ಕಣೇ. ನಂಜುಂಡಪ್ಪ ಹೇಳಿದ್ದೇ ಸರಿ. ನಾಲ್ಕು ಮೊಳನಾದ್ರೂ ಇರ್ಲಿ, ಪಾಪ, ನಾಯಿಗೂ ಒಸಿ ಓಡಾಡಕ್ಕೆ ಜಾಗ ಬೇಕು."

ಜಯ ಊರುಗೋಲು ಮುಂದಿಟ್ಟು ಹೆಜ್ಜೆ ಹಾಕಿದಳು. ಬೂದ ಎದ್ದು ಜೊತೆಗೆ ಹೊರಟಿತು, ಅದರ ಹಿಂದೆ ನಾನೂ.

"ನಾಯಿ ಏನೂ ಕೇಳಿಲ್ವಲ್ಲ," ಎಂದಳು ಅವಳು. "ಎರಡು ಮೊಳ ಸಾಕು, ನಡೀರಿ."